ಗಾಳಿಪೈಪಿನ ಬಿರಡೆ

"ನನ್ನ ಜೀವ ಇರೋ ತನಕ ನಿನ್ನ ತೊಟ್ಟಿ ನೀರು ತಣ್ಣಗಾಗೋಕೆ ಬಿಡಲ್ಲ, ಹೋಗು" ಎಂದು ಮಾರ್ಸೆಲಾ ಅಣ್ಣನಿಗೆ ಮಾತು ಕೊಟ್ಟಿದ್ದು ಅಪ್ಪನನ್ನು ಮಣ್ಣು ಮಾಡಿ ಬಂದ ದಿನ. ಗುಂಡಿಗೆ ಒಂದು ಹಿಡಿ ಮಣ್ಣು ಹಾಕಲು ಅಣ್ಣ ನಾರ್ಬರ್ಟ್‌ನಿಂದ ಬಗ್ಗಲಾಗಿರಲಿಲ್ಲ. ಪಾದ್ರಿಯೇ ಮಣ್ಣೆತ್ತಿ ಅವನ ಅಂಗೈಗೆ ಸುರಿದಿದ್ದರು. ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಆಳು ನೆಟ್ಟ ಕೋಲಿನಂತಾಗುವ ಕಾಯಿಲೆ. ಅದಕ್ಕೊಂದು ಹೆಸರಿದೆ ಎಂದು ಆ ವರ್ಷವಷ್ಟೇ ಗೊತ್ತಾಗಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಬಂದವರೆಲ್ಲ ಸಾವಿನೂಟಕ್ಕೆ ಕೂತಿದ್ದಾಗ, ಕೂರಲಾರದೆ ಗೋಡೆಗೆ ಒರಗಿ ನಿಂತಿದ್ದ ಅಣ್ಣ ತಂಗಿಯನ್ನು ಕರೆದು ಹೇಳಿದ್ದ.

"ಅಪ್ಪ ಹೋದ. ನನ್ನ ಕೈಲಿ ಇನ್ನು ಆಗಲ್ಲ. ವ್ಯಾನು, ಕಂಪ್ರೆಸರ್ರು, ಗಿರಾಕಿಗಳು ಎಲ್ಲ ನಿಂದೇ. ಊರವರ ನೀರೆಲ್ಲ ಮುಚ್ಚು ಮಾರ್ಸಿ, ನಂದೊಂದು ಮುಚ್ಚಬೇಡ. ಅದರಲ್ಲಿ ಕೂತಾಗ ಮಾತ್ರ ನಾನು ಮನುಷ್ಯ."

ಅವಳು ಬಾಯಲ್ಲಿ ರೈ ಬ್ರೆಡ್ಡಿನ ತುಂಡಿಟ್ಟುಕೊಂಡೇ ಮಾತು ಕೊಟ್ಟಳು. ಆಗ ಅದೇನೂ ದೊಡ್ಡ ಮಾತು ಅನ್ನಿಸಿರಲಿಲ್ಲ.

ಬಫಲೋ ನಗರದ ಸುತ್ತಮುತ್ತ ಹಿತ್ತಲಲ್ಲಿ ಈಜುಕೊಳ ಇರುವವರಿಗೆಲ್ಲ ಶರತ್ಕಾಲದ ಎಲೆ ಉದುರುವುದು ಅಂದರೆ ಒಂದೇ ಅರ್ಥ: ಕೊಳ ಮುಚ್ಚುವವರನ್ನು ಕರೆಸಬೇಕು. ಮಾರ್ಸೆಲಾಳ ಅಪ್ಪನ ಕಸುಬು ಅದೇ. ನೆಲದಡಿಯ ಪೈಪಿನಲ್ಲಿ ಒಂದು ಬೊಗಸೆ ನೀರು ನಿಂತರೂ ಸಾಕು, ಮೊದಲ ಗಟ್ಟಿ ಚಳಿಗೆ ಹೆಪ್ಪುಗಟ್ಟಿ ಉಬ್ಬಿ ಪೈಪನ್ನು ಸೀಳಿಬಿಡುತ್ತದೆ. ಬೇಸಿಗೆಯಲ್ಲಿ ಅಂಗಳದ ಕಲ್ಲು ಕಿತ್ತು ಅಗೆಯಬೇಕು. ಅದಕ್ಕೇ ಒಂದೊಂದು ಪೈಪಿಗೂ ಗಾಳಿ ಊದಿ, ನೀರನ್ನು ಹೊರಗೆ ತಳ್ಳಿ, ಗಾಳಿ ಬರುತ್ತಿರುವಾಗಲೇ ಬಾಯಿಗೆ ರಬ್ಬರ್ ಬಿರಡೆ ಜಡಿದು, ಗುಲಾಬಿ ಬಣ್ಣದ ಹೆಪ್ಪುಗಟ್ಟದ ದ್ರವ ಸುರಿದು, ಮೇಲೆ ಹೊದಿಕೆ ಎಳೆಯುವುದು. ಒಮ್ಮೆ ಹೀಗೆ ಮುಚ್ಚಿದ್ದನ್ನು ಮತ್ತೆ ತೆಗೆಯುವುದು ಮೇ ತಿಂಗಳಿನಲ್ಲೇ. ನಡುವೆ ಯಾರೂ ತೆಗೆಯುವುದಿಲ್ಲ.

ನಾರ್ಬರ್ಟ್ ತನ್ನ ಕೊಳವನ್ನೂ ಅದರ ಮಗ್ಗುಲಿನ ಬಿಸಿನೀರಿನ ತೊಟ್ಟಿಯನ್ನೂ ಮೈ ಗಟ್ಟಿಯಿದ್ದಾಗ ತಾನೇ ಕಟ್ಟಿಕೊಂಡಿದ್ದ. ತೊಟ್ಟಿಗೆ ಬೇರೆಯದೇ ಪಂಪು, ಬೇರೆಯದೇ ಹೀಟರು. ಹಾಗಾಗಿ ಪ್ರತಿ ವರ್ಷ ಮಾರ್ಸೆಲಾ ಬಂದು ಕೊಳ ಮುಚ್ಚುತ್ತಿದ್ದಳು, ತೊಟ್ಟಿಯನ್ನು ಬಿಟ್ಟು ಹೋಗುತ್ತಿದ್ದಳು. ಸುತ್ತ ಮಂಡಿ ಮಟ್ಟ ಹಿಮ ಬಿದ್ದಿರುವಾಗ ಆ ತೊಟ್ಟಿಯಿಂದ ಹಬೆ ಏಳುತ್ತಿತ್ತು. ಹಬೆಯ ನಡುವೆ ಉಣ್ಣೆ ಟೋಪಿ ಹಾಕಿದ ಒಂದು ತಲೆ ಕಾಣುತ್ತಿತ್ತು.

ಈ ವರ್ಷ ಫೋನು ಮಾಡಿದ್ದು ಅತ್ತಿಗೆ ಬರ್ನೀಸ್.

"ಈ ಸಲ ಎರಡೂ ಮುಚ್ಚಿಬಿಡು ಮಾರ್ಸಿ. ಕೊಳಾನೂ, ತೊಟ್ಟೀನೂ."

"ಯಾಕೆ? ಏನಾಯ್ತು?"

"ಬಾ. ಬಂದ್ಮೇಲೆ ಹೇಳ್ತೀನಿ. ಅವನಿಗೆ ಕೇಳಿಸುತ್ತೆ."

ನವೆಂಬರಿನ ಸತ್ತವರ ಹಬ್ಬ ಕಳೆದ ಮೇಲಿನ ಶನಿವಾರ ಮಾರ್ಸೆಲಾ ಹೋದಳು. ಊರವರದ್ದೆಲ್ಲ ಮುಗಿದು ಅದೊಂದೇ ಉಳಿದಿತ್ತು. ಸರೋವರದ ಕಡೆಯಿಂದ ಗಾಳಿ ಮುಖಕ್ಕೆ ಕೆರೆಯುತ್ತಿತ್ತು. ಅಡಿಗೆಮನೆಯ ಕಿಟಕಿಯನ್ನು ಅಂಥ ಗಾಳಿಯಲ್ಲೂ ಒಂದು ಗೇಣು ಎತ್ತಿಟ್ಟಿದ್ದರು. ಒಳಗೆ ಗಾಲಿಕುರ್ಚಿಯಲ್ಲಿ ನಾರ್ಬರ್ಟ್ ಕೂತಿದ್ದ. ಕತ್ತು ತಿರುಗದು. ಹಿತ್ತಲು ನೋಡಬೇಕಾದರೆ ಕುರ್ಚಿಯನ್ನೇ ತಿರುಗಿಸಬೇಕು.

"ಬಂದ್ಯೇನೇ? ಊರೆಲ್ಲ ಸುತ್ತಿ ಮುಗಿದ್ಮೇಲೆ ಅಣ್ಣನ ಮನೆ ದಾರಿ ಸಿಕ್ತಾ?"

"ಪುಕ್ಕಟೆ ಗಿರಾಕಿ ಯಾವಾಗ್ಲೂ ಕೊನೆಗೇ ಕಣೋ. ಕಿಟಕಿ ಮುಚ್ಚು, ನ್ಯುಮೋನಿಯಾ ಬಂದೀತು."

"ಬರ್ಲಿ ಬಿಡು, ಅದಕ್ಕಾದ್ರೂ ಕಾಲಿದೆ. ಮುಚ್ಚಿದ್ರೆ ಕೇಳಿಸಲ್ವಲ್ಲ. ನೀನು ಏನೇನು ಹಾಳು ಮಾಡ್ತೀಯೋ ಯಾರು ನೋಡ್ಕೊಳ್ಳೋದು?"

ಇದು ಪ್ರತಿ ವರ್ಷದ್ದು. ಅವನು ಕಣ್ಣು ಮುಚ್ಚಿ ಕೇಳುತ್ತಾನೆ, ಅವಳು ಊದುತ್ತಾಳೆ. ಪೈಪಿನಲ್ಲಿ ನೀರಿರುವಾಗ ಗೊರಗೊರ, ನೀರು ಕಮ್ಮಿಯಾದಾಗ ಉಗುಳಿದಂಥ ಸದ್ದು, ಪೂರ್ತಿ ಬರಿದಾದಾಗ ಬರೀ ಉಸಿರು. ಉಸಿರು ಕೇಳುವವರೆಗೆ ಬಿರಡೆ ಹಾಕಬಾರದು ಎಂದು ಅಪ್ಪ ಇಬ್ಬರ ಕಿವಿಯನ್ನೂ ಹಿಂಡಿ ಕಲಿಸಿದ್ದ.

ಅವಳು ಕಂಪ್ರೆಸರ್ ಇಳಿಸಿ, ಕೊಳದ ಪಂಪಿಗೆ ಕೊಳವೆ ಸಿಕ್ಕಿಸಿ, ಒಂದು ಪೈಪನ್ನು ಮಾತ್ರ ತೆರೆದಿಟ್ಟು ಮಿಕ್ಕ ವಾಲ್ವುಗಳನ್ನೆಲ್ಲ ತಿರುಗಿಸಿ ಮುಚ್ಚಿದಳು. ಗಾಳಿ ಬಿಟ್ಟು, ಕೊಳದ ಅಂಚಿಗೆ ಬಂದು ಬೋರಲು ಮಲಗಿ, ತೋಳನ್ನು ಹೆಗಲಿನವರೆಗೆ ನೀರಿಗಿಳಿಸಿದಳು. ತೋಳು ಒಮ್ಮೆ ಉರಿಯಿತು, ಆಮೇಲೆ ತನ್ನದಲ್ಲ ಅನ್ನಿಸಿತು. ಪೈಪಿನ ಬಾಯಿಂದ ಗುಳ್ಳೆ ನುಗ್ಗಿ ಬಂತು.

"ಇನ್ನೂ ಇದೆ, ಇನ್ನೂ ಇದೆ!" ಕಿಟಕಿಯಿಂದ ಕೂಗು.

"ನನಗೂ ಕಿವಿ ಇದೆ ಕಣೋ!"

"ಇದ್ದಿದ್ರೆ ಆ ನಿನ್ನ ಗಂಡನ ಮಾತು ಮದುವೆಗೆ ಮುಂಚೆನೇ ಸರಿಯಾಗಿ ಕೇಳಿಸ್ಕೋತಿದ್ದೆ."

ಗಂಡ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಅವಳು ನೀರಿನೊಳಗೆ ಕೈಯಿಟ್ಟುಕೊಂಡೇ ನಕ್ಕಳು. ಬಾಯಲ್ಲಿ ಇಷ್ಟು ಖಾರ ಉಳಿದಿದೆಯಲ್ಲ, ಬರ್ನೀಸ್ ಸುಮ್ಮನೆ ಹೆದರಿದ್ದಾಳೆ ಅಂದುಕೊಂಡಳು. ಉಸಿರು ಕೇಳಿತು. ಬಿರಡೆ ಒತ್ತಿ ತಿರುಪಿದಳು. ಮುಂದಿನ ಪೈಪಿಗೆ ಹೋದಳು.

ಕೊನೆಗೆ ಕೊಳದ ತಳದ ಜಾಲರಿಗೆ ಹೋಗುವ ಪೈಪು. ಕೊಳದ ಅಡಿಯಿಂದ ಗುಳ್ಳೆಗಳು ಗುಂಪಾಗಿ ಎದ್ದು ಬಂದ ಕೂಡಲೇ ವಾಲ್ವ್ ಮುಚ್ಚಿದಳು. ಪೈಪಿನೊಳಗೆ ಸಿಕ್ಕಿಬಿದ್ದ ಗಾಳಿ ಇನ್ನು ನೀರನ್ನು ಒಳಗೆ ಬಿಡದು. ಕಂಪ್ರೆಸರ್ ಆರಿಸಿದಾಗ ಹಿತ್ತಲು ಒಮ್ಮೆಗೇ ಬೆಪ್ಪಾದಂತಾಯಿತು.

ಬರ್ನೀಸ್ ಕಾಫಿ ತಂದಳು. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು. ಲೋಟವನ್ನು ಎಡಗೈಯಲ್ಲಿ ಹಿಡಿದು ಚೆಲ್ಲಿಕೊಂಡು ಬಂದಿದ್ದಳು. ಗಿಡ್ಡ ಹೆಂಗಸು, ನಾರ್ಬರ್ಟ್ ಈಗ ಎಷ್ಟು ಇಳಿದಿದ್ದರೂ ಅವಳ ಎರಡರಷ್ಟಿದ್ದ. ಇಬ್ಬರೂ ಗ್ಯಾರೇಜಿನ ಮರೆಗೆ ಸರಿದರು.

"ಹೋದ ಗುರುವಾರ ತೊಟ್ಟೀಲಿ ಜಾರಿಬಿಟ್ಟ ಕಣೆ" ಎಂದಳು ಬರ್ನೀಸ್. "ನಾನು ಒಂದು ನಿಮಿಷ ಶೆಡ್ಡಿನ ಹಿಂದೆ ಹೋಗಿದ್ದೆ. ಬಂದು ನೋಡ್ತೀನಿ, ಟೋಪಿ ಮಾತ್ರ ತೇಲ್ತಿದೆ. ಕೂದಲು ಹಿಡ್ಕೊಂಡು ಎಳೆದೆ. ನನ್ನ ಭುಜ ಲಟಕ್ ಅಂತು. ಬಿಡಲಿಲ್ಲ ನಾನು. ಪಕ್ಕದ ಮನೆಯವನು ನನ್ನ ಅರಚಾಟ ಕೇಳಿ ಬೇಲಿ ಹಾರಿ ಬಂದ. ಇಲ್ಲದಿದ್ರೆ..."

"ನನಗ್ಯಾಕೆ ಅವತ್ತೇ ಹೇಳಲಿಲ್ಲ?"

"ಹೇಳಬೇಡ ಅಂದ. ನಿನ್ನ ಮುಂದೆ ಮರ್ಯಾದೆ ಹೋಗುತ್ತಂತೆ. ಮಾರ್ಸಿ, ನಾನು ಅವನನ್ನ ನೀರಿಗಿಳಿಸಿ ಎತ್ತೋದು ಇನ್ನು ಆಗದ ಮಾತು. ಮನೆಗೆ ಬರೋ ನರ್ಸು ಅದನ್ನ ಮುಟ್ಟಲ್ಲ ಅಂತಾಳೆ. ಮುಚ್ಚಿಬಿಡು. ಬೇಸಿಗೆಗೆ ನೋಡೋಣ."

ಬೇಸಿಗೆಗೆ ಅವನಿರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎದೆಗೂಡು ಬಿಗಿದು ಶ್ವಾಸಕೋಶ ಸೋಲುತ್ತಿದೆ, ಈ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಸೆಪ್ಟೆಂಬರಿನಲ್ಲೇ ಹೇಳಿದ್ದರು.

"ನಾನು ಮಾತು ಕೊಟ್ಟಿದ್ದೀನಿ ಬರ್ನೀಸ್."

"ಗೊತ್ತು. ದಿನಕ್ಕೆ ಎರಡು ಸಲ ಅದನ್ನೇ ಹೇಳ್ತಾನೆ."

"ನಾನೇ ಬರ್ತೀನಿ. ದಿನಾ ಸಂಜೆ ಬಂದು ಇಳಿಸ್ತೀನಿ, ಜೊತೇಲೇ ಕೂತು ಎತ್ತಿಕೊಡ್ತೀನಿ. ಇರೋ ಅಷ್ಟು ದಿನ."

ಬರ್ನೀಸ್ ಅವಳನ್ನೇ ನೋಡಿದಳು. "ಹಿಮ ಬೀಳೋಕೆ ಶುರುವಾದ್ರೆ ರಸ್ತೆ ಮೇಲಿನ ಹಿಮ ಗೋರೋ ಗಾಡಿ ಓಡಿಸ್ತೀಯ. ಎರಡೆರಡು ದಿನ ಮನೆ ಮುಖ ನೋಡಲ್ಲ. ನಿನ್ನ ಮಗಳು ಪಕ್ಕದವರ ಮನೇಲಿ ಊಟ ಮಾಡಿ ಮಲಗ್ತಾಳೆ. ಎಲ್ಲಿಂದ ತರ್ತೀಯ ಸಂಜೇನ?"

"ತರ್ತೀನಿ ಅಂದ್ನಲ್ಲ."

"ನೀವು ಅಣ್ಣತಂಗಿ ಇಬ್ಬರೂ ಅಪ್ಪನ ತಲೆಯೇ. ಗೋಡೆಗೆ ಹಾಯ್ದು ಗೋಡೆಗೇ ಬಯ್ಯೋರು." ಖಾಲಿ ಲೋಟ ಇಸಿದುಕೊಂಡು ಬರ್ನೀಸ್ ಒಳಗೆ ಹೋದಳು. ಜಗಳವಾಡುವ ತ್ರಾಣವೂ ಅವಳಲ್ಲಿರಲಿಲ್ಲ.

ಮಾರ್ಸೆಲಾ ತೊಟ್ಟಿಯ ಯಂತ್ರಗಳನ್ನು ನೋಡಲು ಶೆಡ್ಡಿನ ಹಿಂದೆ ಹೋದಳು. ಚಳಿಗಾಲವಿಡೀ ಓಡಬೇಕಾದ ಪಂಪು. ಸದ್ದು ಸರಿಯಿತ್ತು, ಹೀಟರು ಉರಿಯುತ್ತಿತ್ತು. ಮಗ್ಗುಲಲ್ಲಿ ಗುಳ್ಳೆ ಎಬ್ಬಿಸುವ ಯಂತ್ರವಿತ್ತು. ತೊಟ್ಟಿಗಳಿಗೆಲ್ಲ ಒಂದಿರುತ್ತದೆ, ತಳದ ತೂತುಗಳಿಂದ ಗಾಳಿ ನುಗ್ಗಿಸಿ ನೀರೆಲ್ಲ ಕುದಿಯುವಂತೆ ಮಾಡುತ್ತದೆ. ನಾರ್ಬರ್ಟ್‌ಗೆ ಅದನ್ನು ಕಂಡರಾಗದು. ನೋಯುವ ಬೆನ್ನಿಗೆ ಬೇಕಾದದ್ದು ಅಲುಗಾಡದ ಬಿಸಿನೀರು, "ಸೂಪಿನಲ್ಲಿ ಬೀಟ್‌ರೂಟ್ ಆಗೋಕೆ ನನಗಿಷ್ಟ ಇಲ್ಲ" ಅನ್ನುತ್ತಿದ್ದ. ಮೊದಲ ವರ್ಷವೇ ಅದರ ಪೈಪಿನ ನೀರು ಊದಿ ಹೊರಗೆ ಹಾಕಿಸಿ, ಯಂತ್ರದಿಂದ ಬಿಡಿಸಿ, ಬಾಯಿಗೆ ಬಿರಡೆ ಜಡಿಸಿದ್ದ. ಸಿಕ್ಕಿಬಿದ್ದ ಗಾಳಿ ಒಳಗಿದ್ದರೆ ನೀರು ಏರದು. ನೀರು ಏರಿದರೆ ಅಂಗಳದ ಕಲ್ಲಿನಡಿಯಲ್ಲಿ ಹಾದುಹೋಗುವ ಆ ಪೈಪು ಮೊದಲ ಹೆಪ್ಪಿಗೇ ಸೀಳುತ್ತದೆ, ತೊಟ್ಟಿಯ ನೀರೆಲ್ಲ ಆ ಸೀಳಿನಿಂದ ಬಸಿದು ಹೋಗುತ್ತದೆ. ಪ್ರತಿ ವರ್ಷ ಕಿಟಕಿಯಿಂದ ಕೊನೆಯ ಕೂಗು ಅದೇ: "ಗಾಳಿಪೈಪಿನ ಬಿರಡೆ ಮುಟ್ಟಿ ನೋಡಿದ್ಯಾ?"

ಈ ವರ್ಷ ಅವನು ಕೂಗಿರಲಿಲ್ಲ.

ಬಿರಡೆ ಸಿಮೆಂಟು ಕಟ್ಟೆಯ ಮೇಲೆ ಬಿದ್ದಿತ್ತು. ಪೈಪನ್ನು ಯಂತ್ರಕ್ಕೆ ಸೇರಿಸಲಾಗಿತ್ತು. ಅನುಭವವಿಲ್ಲದ ಕೈಯ ಬಿಗಿತ, ಅರ್ಧಂಬರ್ಧ. ಮಾರ್ಸೆಲಾ ಅದನ್ನು ಬಿಚ್ಚಿ ಪೈಪನ್ನು ಬೆರಳಿನಿಂದ ತಟ್ಟಿದಳು. ಕೆಳಗೆ ನೀರಿನ ಮಂಕು ಸದ್ದು.

ಹಿಂದಿನ ಬಾಗಿಲಿಗೆ ಹೋಗಿ ಕರೆದಳು. "ಬರ್ನೀಸ್, ಗುರುವಾರ ಶೆಡ್ಡಿನ ಹಿಂದೆ ಯಾಕೆ ಹೋಗಿದ್ದೆ?"

"ಗುಳ್ಳೆ ಮಿಷನ್ನು ಹಾಕು ಅಂದ. ಅದರ ಸ್ವಿಚ್ಚು ಅಲ್ಲೇ ತಾನೇ ಇರೋದು."

"ಪೈಪು ಜೋಡಿಸಿದ್ದು?"

"ನಾನೇ. ಬೆಳಿಗ್ಗೆ ಹೇಳಿಕೊಟ್ಟ, ಹೇಗೆ ಬಿರಡೆ ತೆಗೀಬೇಕು, ಹೇಗೆ ತಿರುಪಬೇಕು ಅಂತ. ಇದೊಂದು ಸಲ ಆಸೆ ಆಗಿದೆ ಅಂದ. ಯಾಕೆ, ತಪ್ಪಾಯ್ತಾ?"

"ಆಮೇಲೆ ಬಿರಡೆ ವಾಪಸ್ ಹಾಕು ಅಂದ್ನಾ?"

"ಇಲ್ವಲ್ಲ. ನಾನೇ ಕೇಳಿದೆ, ಮುಂಚೆ ಇದ್ದ ಹಾಗೆ ಹಾಕಬೇಕಾ ಅಂತ. ಇನ್ನು ಅದೇನೂ ಬೇಕಾಗಲ್ಲ ಬಿಡು ಅಂದ."

ಮಾರ್ಸೆಲಾ ಶೆಡ್ಡಿನ ಹಿಂದಕ್ಕೆ ಹೋಗಿ ಕಟ್ಟೆಯ ಮೇಲಿನ ಬಿರಡೆ ಎತ್ತಿಕೊಂಡಳು. ಮನೆ ಕಟ್ಟಿದವನು ತನ್ನ ಮನೆಯ ಅಡಿಪಾಯಕ್ಕೆ ತಾನೇ ನೀರು ಬಿಟ್ಟಂತೆ ಇದು. ಪೈಪಿಗೆ ನೀರೇರಿದರೆ ಏನಾಗುತ್ತದೆ ಎಂದು ಬರ್ನೀಸ್‌ಗೆ ಗೊತ್ತಿಲ್ಲ. ಅವನಿಗೆ ಗೊತ್ತು. ಹೆಪ್ಪು ಬೀಳುವ ಕಾಲ ಬಾಗಿಲಲ್ಲಿದೆ ಎಂದೂ ಗೊತ್ತು. ಈ ಚಳಿಗಾಲದಲ್ಲಿ ಆ ತೊಟ್ಟಿ ಬೇಕು ಅನ್ನುವ ಮನುಷ್ಯ ಹಾಗೆ ಬಿಡುವುದಿಲ್ಲ. ಅವನಿಗೆ ಗುಳ್ಳೆ ಬೇಕಿರಲಿಲ್ಲ. ಹೆಂಡತಿ ಒಂದಷ್ಟು ಹೊತ್ತು ಶೆಡ್ಡಿನ ಹಿಂದೆ ಇರಬೇಕಿತ್ತು, ಅಷ್ಟೇ.

ಅವಳು ಬೂಟು ಬಿಚ್ಚದೆ ಅಡಿಗೆಮನೆಗೆ ಹೋದಳು. ಬರ್ನೀಸಳನ್ನು "ವ್ಯಾನಿನಿಂದ ನನ್ನ ಒಣ ಅಂಗಿ ತಂದ್ಕೊಡ್ತೀಯಾ" ಎಂದು ಹೊರಗೆ ಕಳಿಸಿದಳು. ಬಿರಡೆಯನ್ನು ಅಣ್ಣನ ಮುಂದೆ ಮೇಜಿನ ಮೇಲಿಟ್ಟಳು. ಒಲೆಯ ಮೇಲೆ ಎಲೆಕೋಸಿನ ಸುರುಳಿಗಳು ಬೇಯುತ್ತಿದ್ದವು.

ನಾರ್ಬರ್ಟ್ ಬಿರಡೆ ನೋಡಿದ.

"ನೀನು ಜಾರಲಿಲ್ಲ" ಎಂದಳು.

"ಇಲ್ಲ."

"ಅವಳಿಗೆ ಗೊತ್ತಾ?"

"ಗೊತ್ತಿಲ್ಲ. ಜಾರಿದ ಅಂತಾನೇ ಇರ್ಲಿ. ಭುಜ ಮುರ್ಕೊಂಡಿದ್ದಾಳೆ ಪಾಪ. ಹುಚ್ಚಿ, ಅಷ್ಟು ಬೇಗ ಬರ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

"ನಾರ್ಬ್..."

"ಉಪದೇಶ ಬೇಡ. ಪಾದ್ರಿ ಬಂದು ಮಾಡಿ ಹೋಗಿದ್ದಾರೆ, ಅವರಿಗೆ ಸಂಬಳ ಇದೆ." ಉಸಿರೆಳೆದುಕೊಳ್ಳಲು ನಿಲ್ಲಿಸಿದ. ಎದೆ ಉಬ್ಬಲಿಲ್ಲ, ಹೊಟ್ಟೆ ಮಾತ್ರ ಮೇಲೆ ಕೆಳಗೆ ಆಡಿತು. "ಮಲಗಿದ್ರೆ ನೋವು. ಕೂತ್ರೆ ನೋವು. ನಿದ್ದೆ ಅನ್ನೋದರ ರುಚಿ ಮರೆತುಹೋಗಿದೆ ನನಗೆ. ನೀರಿನಲ್ಲಿ ಮಾತ್ರ ಇಲ್ಲ. ಹೋಗೋದಾದ್ರೆ ನೋವಿಲ್ಲದ ಕಡೆಯಿಂದಾನೇ ಹೋಗೋಣ ಅಂತ. ಇಷ್ಟೇ ಲೆಕ್ಕ."

"ನರ್ಸಿಗೆ ಹೇಳ್ತೀನಿ ನಾನು. ಡಾಕ್ಟರಿಗೂ. ನೋವಿಗೆ ಇನ್ನೂ ಏನಾದ್ರೂ ಕೊಡ್ಲಿ."

"ಹೇಳು. ಮಾತ್ರೆ ಡಬ್ಬಿಗೆ ಬೀಗಾನೂ ಹಾಕಿಸು. ಚಾಕು ಎತ್ತಿಡು. ನೀನು ಕೊಟ್ಟಿದ್ದು ನೀರಿನ ಮಾತು, ಮಾರ್ಸಿ. ಬಿಸಿ ಇಡ್ತೀನಿ ಅಂದೆ. ಅದರೊಳಗೆ ಕೂತು ನಾನು ಏನು ಮಾಡ್ತೀನಿ ಅಂತ ಅವತ್ತು ಕೇಳಲಿಲ್ಲ."

"ನಾನೇ ಜೊತೆಗೆ ಇಳೀತೀನಿ. ಹಿಡ್ಕೊಂಡೇ ಇರ್ತೀನಿ."

"ದಿನಾ?"

"ದಿನಾ."

"ಒಂದು ದಿನ ಹಿಮ ಬೀಳುತ್ತೆ. ಒಂದು ದಿನ ನಿನ್ನ ಮಗಳಿಗೆ ಜ್ವರ ಬರುತ್ತೆ. ಒಂದು ದಿನ ನಿನಗೆ ಕೂತಲ್ಲೇ ನಿದ್ದೆ ಹತ್ತುತ್ತೆ; ಮುಖ ನೋಡ್ಕೋ, ಈಗಲೇ ನಿಂತು ನಿದ್ದೆ ಮಾಡೋ ಕುದುರೆ ಹಾಗಿದ್ದೀಯ." ಅವನು ನಕ್ಕ ಹಾಗೆ ಮಾಡಿದ. "ನಿನಗೆ ದಿನಾ ಬೇಕು. ನನಗೆ ಒಂದೇ ದಿನ ಸಾಕು."

ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತಟತಟ ಅನ್ನುತ್ತಿತ್ತು. ಮಾರ್ಸೆಲಾ ಉರಿ ತಗ್ಗಿಸಿದಳು. ತಿರುಗಿ ನಿಂತಾಗ ಅವಳ ದನಿ ಸಣ್ಣಗಾಗಿತ್ತು.

"ಸರಿ. ಒಂದು ಕೇಳ್ತೀನಿ. ಇನ್ನು ಹಾಗೆ ಮಾಡಲ್ಲ ಅಂತ ಹೇಳು. ಒಂದೇ ಮಾತು. ನಾನು ಕೊಳಕ್ಕೆ ಹೊದಿಕೆ ಎಳೆದು ಮನೆಗೆ ಹೋಗ್ತೀನಿ. ತೊಟ್ಟಿ ಮುಟ್ಟಲ್ಲ. ಸಂಜೆ ಬರ್ತೀನಿ."

ಅವನು ಹೇಳಿಬಿಡಬಹುದಿತ್ತು. ಅಷ್ಟು ಹೇಳಿದ್ದರೆ ಆ ಸಂಜೆಯೇ ನೀರಿನಲ್ಲಿರುತ್ತಿದ್ದ. ಹೇಳಲಿ ಎಂದು ಮಾರ್ಸೆಲಾ ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಸುಳ್ಳಾದರೂ ಪರವಾಗಿಲ್ಲ, ಹೇಳಲಿ. ಸುಳ್ಳು ಎಂದು ಗೊತ್ತಿದ್ದೂ ನಂಬಲು ಅವಳು ತಯಾರಾಗಿದ್ದಳು.

ನಾರ್ಬರ್ಟ್ ಕೈಯಿಂದ ಗಾಲಿಯನ್ನು ತಿರುಗಿಸಿ ಕುರ್ಚಿಯ ಮುಖವನ್ನು ಕಿಟಕಿಯತ್ತ ಮಾಡಿದ. ಹೊರಗೆ ತೊಟ್ಟಿಯಿಂದ ಹಬೆ ಏಳುತ್ತಿತ್ತು.

"ನಮ್ಮ ಮನೇಲಿ ಸುಳ್ಳು ಮಾತು ಕೊಟ್ಟು ಅಭ್ಯಾಸ ಇಲ್ಲ" ಎಂದ.

ಅವಳು ಮೇಜಿನ ಮೇಲಿದ್ದ ಬಿರಡೆ ತೆಗೆದುಕೊಂಡು ಹೊರಗೆ ಹೋದಳು.

ಹೀಟರ್ ಆರಿಸಿದಳು. ಪಂಪು ಆರಿಸಿದಳು. ತೊಟ್ಟಿಯ ತಳಕ್ಕೆ ನೀರೆತ್ತುವ ಪಂಪು ಇಳಿಸಿ ಕೊಳವೆಯನ್ನು ಹುಲ್ಲಿನ ಮೇಲೆಸೆದಳು. ಬಿಸಿನೀರು ಹರಿದ ಕಡೆಯೆಲ್ಲ ಹಬೆ ಎದ್ದು ಬೇಲಿಯವರೆಗೆ ಹೋಯಿತು. ಬರ್ನೀಸ್ ಒಣ ಅಂಗಿ ಹಿಡಿದು ಬಂದವಳು ಅಲ್ಲೇ ನಿಂತಳು. ಮಾರ್ಸೆಲಾಳ ಮುಖ ನೋಡಿ ಅಂಗಿಯನ್ನು ಬೇಲಿಯ ಗೂಟಕ್ಕೆ ತಗುಲಿಸಿ ಒಳಗೆ ಹೋದಳು.

ತೊಟ್ಟಿ ಬರಿದಾಯಿತು. ಅವನು ಕೂರುತ್ತಿದ್ದ ಮೂಲೆಯಲ್ಲಿ ಟೈಲಿನ ಹೊಳಪು ಸವೆದಿತ್ತು. ಕಂಪ್ರೆಸರ್ ಸಿಕ್ಕಿಸಿ ಗಾಳಿ ಬಿಟ್ಟಳು. ತೊಟ್ಟಿಯ ನೀರಿನ ಪೈಪುಗಳನ್ನು ಹೂಳಿದಂದಿನಿಂದ ಯಾರೂ ಊದಿರಲಿಲ್ಲ. ಗೊರಗೊರ ಎಂದು ಬಂತು, ಆಮೇಲೆ ಉಗುಳಿತು.

ಕಿಟಕಿಯ ಕಡೆಯಿಂದ ಧಡ್ ಎಂದು ಸದ್ದಾಯಿತು. ತಿರುಗಿ ನೋಡಿದಳು. ಕಿಟಕಿ ಮುಚ್ಚಿತ್ತು.

ಉಸಿರು ಬಂತೋ ಇಲ್ಲವೋ ಎಂದು ಹೇಳುವವರು ಯಾರೂ ಇಲ್ಲದ್ದರಿಂದ ಅವಳು ಪ್ರತಿಯೊಂದು ಪೈಪನ್ನೂ ಎರಡೆರಡು ಸಲ ಊದಿದಳು. ಬಾಯಿಗಳಿಗೆ ಬಿರಡೆ ಒತ್ತಿದಳು. ಗಾಳಿಪೈಪಿನ ನೀರು ತೆಗೆದು ಅದರ ಬಿರಡೆಯನ್ನೂ ಜಡಿದಳು. ಹೀಟರಿನ ಅಡಿಯ ತಿರುಪು ಬಿಚ್ಚಿ ಬಸಿದಳು, ಫಿಲ್ಟರ್ ಬಸಿದಳು, ಗುಲಾಬಿ ದ್ರವ ಸುರಿದಳು. ಕೊಳದ ಮೇಲೂ ತೊಟ್ಟಿಯ ಮೇಲೂ ಹೊದಿಕೆ ಎಳೆದು ಪಟ್ಟಿಗಳನ್ನು ನೆಲದ ಕೊಂಡಿಗಳಿಗೆ ಸಿಕ್ಕಿಸುವ ಹೊತ್ತಿಗೆ ಬೆಳಕು ಇಳಿದಿತ್ತು. ವ್ಯಾನಿನಲ್ಲಿ ಕೂತು ನರ್ಸಿಗೆ ಫೋನು ಮಾಡಿ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಆಮೇಲೆ ಮಗಳಿಗೆ ಫೋನು ಮಾಡಿ, ಬರುವುದು ತಡ, ಬ್ರೆಡ್ಡು ತಿಂದಿರು ಅಂದಳು.

ಔಷಧಿ ಹೆಚ್ಚಿಸಿದರು. ನೋವು ತುಸು ಇಳಿಯಿತು, ಪೂರ್ತಿ ಹೋಗಲಿಲ್ಲ. ಸಂಜೆಗಳಲ್ಲಿ ಮಾರ್ಸೆಲಾ ಹೋಗಿ ಬಿಸಿನೀರಿನಲ್ಲಿ ಅದ್ದಿದ ಟವೆಲುಗಳನ್ನು ಅವನ ಬೆನ್ನಿಗೆ ಹಾಕುತ್ತಿದ್ದಳು. ಅವನು ಬೇಡ ಎಂದೂ ಅನ್ನಲಿಲ್ಲ, ಸಾಕು ಎಂದೂ ಅನ್ನಲಿಲ್ಲ. ಅವಳೊಡನೆ ಮಾತೇ ಆಡಲಿಲ್ಲ. ಹಿಮ ಬಿದ್ದ ದಿನ ಅವಳಿಗೆ ಹೋಗಲಾಗಲಿಲ್ಲ. ಮಗಳಿಗೆ ಜ್ವರ ಬಂದ ವಾರವೂ ಆಗಲಿಲ್ಲ.

ಫೆಬ್ರವರಿಯಲ್ಲಿ ನಾರ್ಬರ್ಟ್ ಹಾಸಿಗೆಯಲ್ಲೇ, ಉಸಿರು ಸಾಲದೆ ಹೋದ. ಹಿತ್ತಲ ತೊಟ್ಟಿ ಒಣಗಿ ಹಿಮದಡಿ ಇತ್ತು. ಮಾರ್ಸೆಲಾ ಇನ್ನೂ ಬದುಕಿದ್ದಳು. ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.